ತಟ್ಟೆಯನ್ನು ಬಿಟ್ಟು ಡಬ್ಬಿಯನ್ನು ತೂಗುವ ತಕ್ಕಡಿ

ದಿನಕ್ಕೆ ಎಷ್ಟು ಕ್ಯಾಲೊರಿ ತಿನ್ನುತ್ತೇವೆ ಎಂದು ತಿಳಿಯಲು ಹೊರಟವರು ಸಾಮಾನ್ಯವಾಗಿ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡು, ತಟ್ಟೆಯನ್ನು ನೋಡಿ ಅಂದಾಜಿನ ಮೇಲೆ ಒಂದು ಅಂಕಿ ತುಂಬುತ್ತಾರೆ. ನಾನೂ ಸ್ವಲ್ಪ ಕಾಲ ಅದನ್ನೇ ಮಾಡಿದೆ. ಊಟದ ಲೆಕ್ಕ ಚೆನ್ನಾಗಿಯೇ ಸಿಕ್ಕಿತು, ಆದರೆ ಸಿಕ್ಕಿದ್ದು ಊಟದ ಲೆಕ್ಕ ಮಾತ್ರ. ತಟ್ಟೆಗೆ ಬಡಿಸಿಕೊಂಡದ್ದನ್ನು ನಾವು ಗೊತ್ತಿದ್ದೇ ತಿನ್ನುತ್ತೇವೆ, ಅದನ್ನು ಬರೆದಿಡುವುದು ಕಷ್ಟವಲ್ಲ. ನಿಂತಲ್ಲೇ ಡಬ್ಬಿಗೆ ಕೈ ಹಾಕಿ ಬಾಯಿಗೆ ಎಸೆದುಕೊಂಡದ್ದು, ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿದ ಎಣ್ಣೆ, ಎರಡನೇ ಲೋಟ ಕಾಫಿಗೆ ಬಿದ್ದ ಸಕ್ಕರೆ, ಇವು ಮಾತ್ರ ಪಟ್ಟಿಯ ಹತ್ತಿರವೂ ಸುಳಿಯುವುದಿಲ್ಲ. ಯಾರೂ ಬೇಕೆಂದು ಮುಚ್ಚಿಡುವುದಲ್ಲ. ಬರೆಯಲು ಕುಳಿತಾಗ ಅವು ನೆನಪಿಗೇ ಬರುವುದಿಲ್ಲ.

ಈ ಮರೆವು ಎಷ್ಟು ದೊಡ್ಡದು ಎಂಬುದಕ್ಕೆ 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಅಧ್ಯಯನವೇ ಸಾಕ್ಷಿ. ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಆರಿಸಿ, ಅವರ ದೇಹ ನಿಜವಾಗಿ ಎಷ್ಟು ಶಕ್ತಿ ಬಳಸುತ್ತಿದೆ ಎಂಬುದನ್ನು ಸಂಶೋಧಕರು ಅಳೆದರು. ಐಸೊಟೋಪುಗಳ ಗುರುತು ಹಾಕಿದ ನೀರು ಕುಡಿಸಿ, ಅದು ದೇಹದಿಂದ ಹೊರಹೋಗುವ ವೇಗವನ್ನು ನೋಡುವ ವಿಧಾನ ಅದು. ಅವರ ಚಯಾಪಚಯದಲ್ಲಿ ದೋಷವೇನೂ ಇರಲಿಲ್ಲ. ತಿಂದದ್ದನ್ನು ಅವರು ಸರಾಸರಿ 47 ಶೇಕಡಾ ಕಡಿಮೆ ಹೇಳಿದ್ದರು, ಮೈ ದಣಿಸಿದ್ದನ್ನು 51 ಶೇಕಡಾ ಹೆಚ್ಚು ಹೇಳಿದ್ದರು. ಸುಮಾರು ಅರ್ಧದಷ್ಟು ಊಟವೇ ಲೆಕ್ಕದಿಂದ ಜಾರಿ ಹೋಗುತ್ತದೆ ಎಂದಾದರೆ ಇನ್ನಷ್ಟು ಶ್ರದ್ಧೆಯಿಂದ ಬರೆಯುತ್ತೇನೆ ಎಂದು ಸಂಕಲ್ಪ ಮಾಡಿ ಫಲವಿಲ್ಲ. ಬರೆಯುವ ಕೆಲಸವನ್ನೇ ಕೈಯಿಂದ ಕಿತ್ತುಕೊಳ್ಳಬೇಕು.

ಹಾಗಾಗಿ ತಿನ್ನುವವರನ್ನು ಬಿಟ್ಟು ಡಬ್ಬಿಗಳ ಮೇಲೆ ನಿಗಾ ಇಡಲು ಹೊರಟೆ. ಉಪಾಯ ಸರಳವಾಗಿದೆ. ಎಣ್ಣೆ, ಸಕ್ಕರೆ, ಅಕ್ಕಿ, ಬೇಳೆ, ಬೆಣ್ಣೆ, ಕಡಲೆಬೀಜ ಹೀಗೆ ಶಕ್ತಿ ತುಂಬಿದ ಪದಾರ್ಥಗಳ ಡಬ್ಬಿಗಳಿಗೆ ಒಂದೊಂದು ಗುರುತಿನ ಸ್ಟಿಕ್ಕರ್. ಬಳಸಿದ ಮೇಲೆ ಡಬ್ಬಿಯನ್ನು ಕಪಾಟಿಗೆ ಇಡುವ ದಾರಿಯಲ್ಲಿ ಒಂದು ಕ್ಷಣ ತಕ್ಕಡಿಯ ಮೇಲೆ ಇಡಬೇಕು. ಯಂತ್ರ ಸ್ಟಿಕ್ಕರನ್ನು ಓದಿ, ಹಿಂದಿನ ಸಲದ ತೂಕದಿಂದ ಈಗಿನದನ್ನು ಕಳೆದು, ಗಂಟೆ ನಿಮಿಷದ ಜೊತೆ ದಾಖಲಿಸುತ್ತದೆ. ತೂಕ ಹೆಚ್ಚಾಗಿದ್ದರೆ ಡಬ್ಬಿ ತುಂಬಿಸಿದ್ದಾರೆ ಎಂದು ಅರ್ಥ.

ಈ ಕಳೆಯುವ ಲೆಕ್ಕಕ್ಕೆ ಒಂದು ದೊಡ್ಡ ಗುಣವಿದೆ. ಆ್ಯಪ್‌ನಲ್ಲಿ ಬರೆಯಲು ಮರೆತರೆ ಆ ತುತ್ತು ಶಾಶ್ವತವಾಗಿ ಹೋಯಿತು. ಇಲ್ಲಿ ತೂಗಲು ಮರೆತರೆ ಸಮಯ ಮಾತ್ರ ತಪ್ಪುತ್ತದೆ, ತೂಕ ತಪ್ಪುವುದಿಲ್ಲ. ಮುಂದಿನ ಸಲ ಡಬ್ಬಿ ತಕ್ಕಡಿಗೆ ಬಂದಾಗ ನಡುವೆ ಖಾಲಿಯಾದದ್ದೆಲ್ಲ ಒಟ್ಟಿಗೆ ಸಿಕ್ಕಿಬೀಳುತ್ತದೆ.

ಸಾಮಾನು

5 ಕಿಲೋಗ್ರಾಂ ತಡೆಯುವ, ಭಾರವನ್ನು ವಿದ್ಯುತ್ ಸಂಕೇತವಾಗಿಸುವ ಪಟ್ಟಿಯಾಕಾರದ ಲೋಡ್ ಸೆಲ್ ಒಂದು, ಅದರ ಸಂಕೇತವನ್ನು ಓದಲು ಎಚ್‌ಎಕ್ಸ್711 ಬೋರ್ಡು, ವೈಫೈ ಇರುವ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಸ್ಟಿಕ್ಕರ್ ಒಳಗಿನ ಚಿಪ್ಪನ್ನು ಮುಟ್ಟದೆ ರೇಡಿಯೊ ಮೂಲಕ ಓದಲು ಆರ್‌ಸಿ522 ಎಂಬ ಆರ್‌ಎಫ್‌ಐಡಿ ರೀಡರ್, 6 ಮಿಲಿಮೀಟರ್ ದಪ್ಪದ ಎರಡು ಪ್ಲೈವುಡ್ ಹಲಗೆ, ಸ್ಕ್ರೂ, ವಾಷರ್, ತಂತಿ. ಇಷ್ಟೇ. ಅಂಗಡಿಯಲ್ಲಿ ಸಿಗುವ ಅಡುಗೆಮನೆ ತಕ್ಕಡಿಯನ್ನೇ ಬಿಚ್ಚಿ ಅದರ ಲೋಡ್ ಸೆಲ್ ಬಳಸಬಹುದು, ಆದರೆ ಕೆಲವದರಲ್ಲಿ ಒಂದರ ಬದಲು ನಾಲ್ಕು ಮೂಲೆಗೆ ನಾಲ್ಕು ಅರೆಸೇತುವೆಗಳು, ಅಂದರೆ ಅರ್ಧ ಸರ್ಕ್ಯೂಟಿನ ಸಣ್ಣ ಲೋಡ್ ಸೆಲ್‌ಗಳು, ಇರುತ್ತವೆ. ಅವುಗಳ ತಂತಿ ಜೋಡಿಸುವುದು ತಲೆನೋವು.

ಹಲಗೆ ಮತ್ತು ಪಟ್ಟಿ

ಲೋಡ್ ಸೆಲ್ ಎಂದರೆ ಎಂಟು ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ. ನಡುವೆ ದೊಡ್ಡ ತೂತು ಕೊರೆದಿರುವುದರಿಂದ ಅಲ್ಲಿ ಲೋಹ ತೆಳುವಾಗಿದೆ, ಭಾರ ಬಿದ್ದಾಗ ಬಾಗುವುದು ಅಲ್ಲಿಯೇ. ಆ ಜಾಗದಲ್ಲಿ ಬಿಳಿ ಅಂಟಿನ ಕೆಳಗೆ ಸ್ಟ್ರೇನ್ ಗೇಜ್‌ಗಳು ಕೂತಿವೆ. ಲೋಹ ಹಿಗ್ಗಿದರೆ ಅವುಗಳ ವಿದ್ಯುತ್ ರೋಧ ಹೆಚ್ಚುತ್ತದೆ, ಕುಗ್ಗಿದರೆ ಇಳಿಯುತ್ತದೆ. ಆ ಬಿಳಿ ಅಂಟಿನ ಮೇಲೆ ಉಗುರನ್ನೂ ತಾಗಿಸಬಾರದು.

ಪಟ್ಟಿಯ ಒಂದು ತುದಿಯನ್ನು ಕೆಳಹಲಗೆಗೆ, ಇನ್ನೊಂದು ತುದಿಯನ್ನು ಮೇಲ್ಹಲಗೆಗೆ ಬಿಗಿಯಬೇಕು. ಎರಡೂ ಕಡೆ ವಾಷರ್ ಕೊಟ್ಟು, ಪಟ್ಟಿಯ ನಡುಭಾಗ ಯಾವ ಹಲಗೆಗೂ ತಗುಲದಂತೆ ಎತ್ತರಿಸುವುದು ಮುಖ್ಯ. ತಗುಲಿದರೆ ಭಾರ ಅಲ್ಲಿಂದಲೇ ನೆಲಕ್ಕೆ ಇಳಿದುಹೋಗಿ ತೂಕ ಕಡಿಮೆ ತೋರಿಸುತ್ತದೆ. ತುದಿಯಲ್ಲಿ ಕೆತ್ತಿರುವ ಬಾಣದ ಗುರುತು ಭಾರ ಬೀಳುವ ದಿಕ್ಕನ್ನು ತೋರಿಸುತ್ತದೆ, ಅದು ಕೆಳಮುಖವಾಗಿರಲಿ. ಜೋಡಿಸಿದ ಮೇಲೆ ಒಂದೇ ತೂಕದ ಕಲ್ಲನ್ನು ನಡುವಿನಲ್ಲಿ ಮತ್ತು ನಾಲ್ಕು ಮೂಲೆಗಳಲ್ಲಿ ಇಟ್ಟು ನೋಡಿದೆ. ಒಂದು ಮೂಲೆಯಲ್ಲಿ ಮಾತ್ರ ಅಂಕಿ ಜಗ್ಗಿತು. ಹಲಗೆಯ ಅಂಚಿನ ಸೀಳೊಂದು ಕೆಳಗಿನ ಸ್ಕ್ರೂ ತಲೆಗೆ ಒರಗುತ್ತಿತ್ತು. ಉಜ್ಜುಕಾಗದದಿಂದ ಎರಡು ಸಲ ತೀಡಿದಾಗ ಸರಿಹೋಯಿತು.

ಒಂದು ಗ್ರಾಂ ಎಷ್ಟು ವೋಲ್ಟು

ಕೆಂಪು ಮತ್ತು ಕಪ್ಪು ತಂತಿ ವಿದ್ಯುತ್ತು ಕೊಡಲು, ಹಸಿರು ಮತ್ತು ಬಿಳಿ ಸಂಕೇತ ಪಡೆಯಲು. ಹಸಿರು ಬಿಳಿ ಅದಲುಬದಲಾದರೆ ಭಾರ ಇಟ್ಟಷ್ಟೂ ಅಂಕಿ ಋಣದ ಕಡೆಗೆ ಓಡುತ್ತದೆ, ಬೇರೆ ಅಪಾಯವಿಲ್ಲ. ಇಎಸ್‌ಪಿ32 ಕೆಲಸ ಮಾಡುವುದು 3.3 ವೋಲ್ಟಿನಲ್ಲಿ. ಎಚ್‌ಎಕ್ಸ್711ಕ್ಕೆ 5 ವೋಲ್ಟ್ ಕೊಟ್ಟರೆ ಅದರ ದತ್ತಾಂಶದ ತಂತಿಯಲ್ಲೂ 5 ವೋಲ್ಟ್ ಬಂದು ಇಎಸ್‌ಪಿ32ಕ್ಕೆ ಹಾನಿಯಾಗಬಹುದು. ಆದ್ದರಿಂದ ಎರಡಕ್ಕೂ 3.3 ವೋಲ್ಟನ್ನೇ ಕೊಟ್ಟೆ.

ಈಗ ಒಂದು ಸಣ್ಣ ಗುಣಾಕಾರ. ಈ ಬಗೆಯ ಲೋಡ್ ಸೆಲ್ ಪೂರ್ಣ ಭಾರಕ್ಕೆ, ಕೊಟ್ಟ ಪ್ರತಿ ವೋಲ್ಟಿಗೆ ಸುಮಾರು 1 ಮಿಲಿವೋಲ್ಟ್ ಮರಳಿಸುತ್ತದೆ. 3.3 ವೋಲ್ಟಿಗೆ 3.3 ಮಿಲಿವೋಲ್ಟ್, ಅದೂ 5,000 ಗ್ರಾಂ ಇಟ್ಟಾಗ. ಒಂದು ಗ್ರಾಮಿನ ಪಾಲಿಗೆ ಬರುವುದು 0.66 ಮೈಕ್ರೋವೋಲ್ಟ್. ಇಷ್ಟು ಕ್ಷೀಣವಾದ ಸಂಕೇತವನ್ನು ಎಚ್‌ಎಕ್ಸ್711 128 ಪಟ್ಟು ಹಿಗ್ಗಿಸಿ 24 ಬಿಟ್‌ಗಳ ಅಂಕಿಯಾಗಿ ಕೊಡುತ್ತದೆ. ಅಡುಗೆಮನೆಯಲ್ಲಿ ಮಿಕ್ಸರ್ ಓಡಿದರೂ, ವೈಫೈ ಸಂದೇಶ ಕಳಿಸಿದರೂ ಅಂಕಿ ನಡುಗುವುದು ಇದಕ್ಕೇ. ವಿದ್ಯುತ್ ಪೂರೈಕೆಯ ಎರಡು ತಂತಿಗಳ ನಡುವೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದೆ, ತೂಗುವಾಗ ವೈಫೈ ಸುಮ್ಮನಿದ್ದು ತೂಗಿ ಮುಗಿದ ಮೇಲೆ ಮಾತ್ರ ಕಳಿಸುವಂತೆ ಪ್ರೋಗ್ರಾಂ ಬರೆದೆ. ಸೆಕೆಂಡಿಗೆ 80 ಸಲ ಓದುವ ಅನುಕೂಲ ಈ ಬೋರ್ಡಿನಲ್ಲಿ ಇದ್ದರೂ 10 ಸಲ ಸಾಕು. ನಿಧಾನವಾಗಿ ಓದಿದರೆ ಅಂಕಿಯ ನಡುಕ ಕಡಿಮೆ. ಹತ್ತು ಓದುಗಳು ಒಂದು ಗ್ರಾಮಿನ ಒಳಗೇ ನಿಂತರೆ ಆ ಸರಾಸರಿಯನ್ನು ತೂಕವೆಂದು ಒಪ್ಪಿಕೊಳ್ಳುತ್ತದೆ.

ಹೊಂದಾಣಿಕೆಗೆ 1 ಕಿಲೋಗ್ರಾಮಿನ ತೂಕದ ಕಲ್ಲು ಒಳ್ಳೆಯದು. ಅದನ್ನು ಇಟ್ಟಾಗಿನ ಅಂಕಿಯಿಂದ ಖಾಲಿ ಇದ್ದಾಗಿನ ಅಂಕಿಯನ್ನು ಕಳೆದು ಸಾವಿರದಿಂದ ಭಾಗಿಸಿದರೆ ಗ್ರಾಮಿಗೆ ಎಷ್ಟು ಎಂಬುದು ಸಿಗುತ್ತದೆ.

ನಿಧಾನವಾಗಿ ಜಾರುವ ಅಂಕಿ

ಮೊದಲ ವಿನ್ಯಾಸದಲ್ಲಿ ಎಣ್ಣೆಯ ಬಾಟಲಿ ಸದಾ ತಕ್ಕಡಿಯ ಮೇಲೆಯೇ ನಿಲ್ಲುವಂತಿತ್ತು. ರಾತ್ರಿ ಯಾರೂ ಮುಟ್ಟದಿದ್ದರೂ ಬೆಳಗಾಗುವಷ್ಟರಲ್ಲಿ ಅಂಕಿ ಕೆಲವು ಗ್ರಾಂ ಸರಿದಿರುತ್ತಿತ್ತು. ಕಾರಣ ಎರಡು. ಭಾರ ಹೊತ್ತು ನಿಂತ ಲೋಹವೂ ಅಂಟೂ ತೀರಾ ನಿಧಾನವಾಗಿ ಇನ್ನೂ ಬಾಗುತ್ತಲೇ ಇರುತ್ತವೆ, ಇದನ್ನು ಕ್ರೀಪ್ ಎನ್ನುತ್ತಾರೆ. ಜೊತೆಗೆ ಒಲೆ ಉರಿದಾಗಿನ ಬಿಸಿ, ಆರಿದ ಮೇಲಿನ ತಂಪು. ಎಣ್ಣೆಯ ಲೆಕ್ಕದಲ್ಲಿ ಐದು ಗ್ರಾಂ ಸುಮ್ಮನೆ ಬಂದುಹೋದರೆ 45 ಕ್ಯಾಲೊರಿ ಸುಳ್ಳಾಗುತ್ತದೆ.

ಸಾಫ್ಟ್‌ವೇರಿನಲ್ಲಿ ಇದನ್ನು ಸರಿದೂಗಿಸುವ ಜಾಣತನ ಬೇಡವೆನಿಸಿತು. ಡಬ್ಬಿಯ ವಾಸ ಕಪಾಟಿನಲ್ಲಿ, ತಕ್ಕಡಿ ಅದು ಹಾದುಹೋಗುವ ಜಾಗ ಎಂದು ನಿಯಮ ಬದಲಿಸಿದೆ. ಡಬ್ಬಿ ಮೇಲಿರುವುದು ಎರಡೋ ಮೂರೋ ಸೆಕೆಂಡು. ಖಾಲಿ ಇದ್ದಾಗ ಅಂಕಿ ಸೊನ್ನೆಯ ಆಸುಪಾಸಿನಲ್ಲಿದ್ದರೆ ಯಂತ್ರ ತಾನೇ ಸೊನ್ನೆ ಮಾಡಿಕೊಳ್ಳುತ್ತದೆ. ಜಾರುವ ಸಮಸ್ಯೆ ಅಲ್ಲಿಗೆ ಮುಗಿಯಿತು, ಒಂದೇ ತಕ್ಕಡಿಗೆ ಎಲ್ಲ ಡಬ್ಬಿಗಳೂ ಬರುವಂತಾಯಿತು. ಒಲೆಯಿಂದ ದೂರ, ಕಪಾಟಿಗೆ ಹತ್ತಿರ ಅದಕ್ಕೆ ಜಾಗ ಸಿಕ್ಕಿತು.

ಸ್ಟಿಕ್ಕರ್ ಓದದ ಡಬ್ಬಿಗಳು

ರೀಡರನ್ನು ಮೇಲ್ಹಲಗೆಗೆ ಅಂಟಿಸಬಾರದು. ಅದರ ಏಳೆಂಟು ತಂತಿಗಳು ಸ್ಪ್ರಿಂಗಿನಂತೆ ಹಲಗೆಯನ್ನು ಎಳೆಯುತ್ತವೆ, ಆ ಎಳೆತವೂ ತೂಕವಾಗಿ ಕಾಣಿಸುತ್ತದೆ. ಕೆಳಹಲಗೆಯ ಮೇಲೆ ಸಣ್ಣ ಕಂಬಗಳನ್ನು ನಿಲ್ಲಿಸಿ, ಮೇಲ್ಹಲಗೆಗೆ ತಾಗದಷ್ಟು ಹತ್ತಿರ, ಲೋಡ್ ಸೆಲ್‌ನಿಂದ ದೂರದ ಮೂಲೆಯಲ್ಲಿ ಕೂರಿಸಿದೆ. ಅಲ್ಯೂಮಿನಿಯಂ ಪಕ್ಕದಲ್ಲೇ ಇದ್ದರೆ, ಸ್ಟಿಕ್ಕರ್ ಓದಲು ರೀಡರ್ ಹೊರಡಿಸುವ 13.56 ಮೆಗಾಹರ್ಟ್ಸ್‌ನ ಕಾಂತಕ್ಷೇತ್ರ ಕುಗ್ಗುತ್ತದೆ. ಆ ಮೂಲೆಯ ಮೇಲೆ ಬಣ್ಣದಲ್ಲಿ ಒಂದು ವೃತ್ತ ಬರೆದಿದ್ದೇನೆ, ಡಬ್ಬಿಯನ್ನು ಅದರ ಮೇಲೆಯೇ ಇಡಬೇಕು.

ಗಾಜು, ಪ್ಲಾಸ್ಟಿಕ್, ಪಿಂಗಾಣಿ ಡಬ್ಬಿಗಳ ತಳಕ್ಕೆ ಅಂಟಿಸಿದ ಸ್ಟಿಕ್ಕರ್ ಸಲೀಸಾಗಿ ಓದಿಸಿಕೊಂಡಿತು. ಸ್ಟೀಲ್ ಡಬ್ಬಿಯ ತಳದಲ್ಲಿ ಪೂರ್ತಿ ಮೌನ. ಲೋಹಕ್ಕೆಂದೇ ಫೆರೈಟ್ ಎಂಬ ಕಾಂತೀಯ ವಸ್ತುವಿನ ಪದರವಿರುವ ಸ್ಟಿಕ್ಕರ್‌ಗಳು ಬೇರೆ ಬರುತ್ತವೆ, ಅವನ್ನು ಹಾಕಿದ ಮೇಲೆ ಸ್ಟೀಲಿನವೂ ದಾರಿಗೆ ಬಂದವು.

ಗ್ರಾಮಿನಿಂದ ಕ್ಯಾಲೊರಿಗೆ

ಆಹಾರದ ಕ್ಯಾಲೊರಿ ಎಂದರೆ ಕಿಲೊಕ್ಯಾಲೊರಿ, ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡುವಷ್ಟು ಶಾಖ. ಕೊಬ್ಬಿಗೆ ಗ್ರಾಮಿಗೆ 9, ಪ್ರೋಟೀನಿಗೆ 4, ಶರ್ಕರಪಿಷ್ಟಕ್ಕೆ 4 ಎಂಬ ಸರಳ ಗುಣಕಗಳು ಅಮೆರಿಕದ ವಿಲ್ಬರ್ ಆಟ್‌ವಾಟರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾಡಿದ ಕೆಲಸದಿಂದ ಬಂದವು. ಮನುಷ್ಯರನ್ನು ಒಂದು ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಅವರ ಮೈಯಿಂದ ಹೊರಟ ಶಾಖವನ್ನೂ ಉಸಿರನ್ನೂ ಅಳೆದವರು ಅವರು. ಇಂದಿಗೂ ಪೊಟ್ಟಣಗಳ ಮೇಲಿನ ಅಂಕಿಗಳ ಹಿಂದೆ ಇರುವುದು ಬಹುಮಟ್ಟಿಗೆ ಇದೇ ಗುಣಾಕಾರ.

ನನ್ನ ಪಟ್ಟಿಯಲ್ಲಿ 100 ಗ್ರಾಮಿಗೆ ಎಣ್ಣೆ 884, ಬೆಣ್ಣೆ 717, ಕಡಲೆಬೀಜ 567, ಸಕ್ಕರೆ 387, ಹಸಿ ಅಕ್ಕಿ 360, ಹಾಲು 61, ಟೊಮೇಟೊ 18. ಅಮೆರಿಕದ ಕೃಷಿ ಇಲಾಖೆಯ ಫುಡ್‌ಡೇಟಾ ಸೆಂಟ್ರಲ್‌ನಲ್ಲಿ ಇಂಥ ಅಂಕಿಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಕೆಲವು ಕೋಷ್ಟಕಗಳು ಕಿಲೋಜೂಲ್‌ನಲ್ಲಿರುತ್ತವೆ, ಅವನ್ನು 4.184ರಿಂದ ಭಾಗಿಸಿಕೊಳ್ಳಬೇಕು. ಈ ಸಾಲನ್ನು ಒಮ್ಮೆ ಓದಿದರೇ ಯಾವ ಡಬ್ಬಿಗೆ ಸ್ಟಿಕ್ಕರ್ ಬೇಕು, ಯಾವುದಕ್ಕೆ ಬೇಡ ಎಂಬುದು ತೀರ್ಮಾನವಾಗುತ್ತದೆ. ಸೊಪ್ಪು ತರಕಾರಿಗಳನ್ನು ತೂಗುವ ಗೋಜಿಗೇ ನಾನು ಹೋಗಲಿಲ್ಲ. ಅಂದಾಜು ಅರ್ಧಕ್ಕರ್ಧ ತಪ್ಪಿದರೂ ಒಂದು ಚಮಚ ಎಣ್ಣೆಯ ಸಮ ಬರುವುದಿಲ್ಲ.

ದಶಮಾಂಶದ ಮುಂದಿನ ಅಂಕಿಗೆ ಜೋತುಬೀಳುವವರಿಗೆ ಬಾದಾಮಿಯ ಕಥೆ ಹೇಳಬೇಕು. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇಡೀ ಬಾದಾಮಿ ತಿಂದವರ ದೇಹಕ್ಕೆ ದಕ್ಕಿದ ಶಕ್ತಿ 28 ಗ್ರಾಮಿಗೆ ಸುಮಾರು 129 ಕ್ಯಾಲೊರಿ. ಗುಣಾಕಾರದ ಲೆಕ್ಕ ಹೇಳುತ್ತಿದ್ದದ್ದು 168ರಿಂದ 170. ಬೀಜದ ಜೀವಕೋಶಗಳ ಗೋಡೆ ಒಡೆಯದೆ ಉಳಿದ ಕಡೆ ಕೊಬ್ಬು ಜೀರ್ಣವಾಗದೆ ಹೊರಹೋಗುತ್ತದೆ. ಹಾಗಾಗಿ ನನ್ನ ಪ್ರೋಗ್ರಾಂ ಎಲ್ಲವನ್ನೂ ಹತ್ತರ ಹತ್ತಿರಕ್ಕೆ ತಂದು ಬರೆಯುತ್ತದೆ.

ಬೆಂದ ಅನ್ನ ಯಾರ ಪಾಲಿಗೆ ಎಷ್ಟು

ಡಬ್ಬಿಯಿಂದ ಹೊರಟದ್ದು ನೇರ ಬಾಯಿಗೆ ಹೋಗುವುದಿಲ್ಲ, ಪಾತ್ರೆಗೆ ಹೋಗುತ್ತದೆ. ಅನೇಕ ಆ್ಯಪ್ ಲೆಕ್ಕಗಳು ಹಾಳಾಗುವುದು ಇಲ್ಲಿಯೇ. 300 ಗ್ರಾಂ ಅಕ್ಕಿಯಲ್ಲಿ 1,080 ಕ್ಯಾಲೊರಿ ಇದೆ. ಬೆಂದ ಮೇಲೆ ಅನ್ನ 840 ಗ್ರಾಂ ತೂಗಿದರೆ 200 ಗ್ರಾಮಿನ ಬಡಿಸಿಕೆಯಲ್ಲಿ 257 ಕ್ಯಾಲೊರಿ. ಅದೇ ಅಕ್ಕಿಗೆ ನೀರು ಹೆಚ್ಚಾಗಿ 960 ಗ್ರಾಂ ಆದರೆ 225. ನೀರಿಗೆ ಕ್ಯಾಲೊರಿ ಇಲ್ಲ, ತೂಕ ಇದೆ. ‘ಒಂದು ಬಟ್ಟಲು ಅನ್ನ’ ಎಂದು ಆ್ಯಪ್‌ನಲ್ಲಿ ಆರಿಸಿದವರಿಗೆ ಯಾರ ಮನೆಯ ನೀರಿನ ಲೆಕ್ಕ ಸಿಗುತ್ತದೋ ಹೇಳಲಾಗದು.

ಇದಕ್ಕೆ ತಕ್ಕಡಿಯಲ್ಲಿ ಒಂದು ಗುಂಡಿ ಜೋಡಿಸಿದೆ. ಅಡುಗೆ ಶುರುವಾಗುವಾಗ ಒತ್ತಿದರೆ ಆಮೇಲೆ ಡಬ್ಬಿಗಳಿಂದ ಕಡಿಮೆಯಾದದ್ದೆಲ್ಲ ಆ ಪಾತ್ರೆಯ ಖಾತೆಗೆ. ಕೊನೆಗೆ ಖಾಲಿ ಪಾತ್ರೆಯ ತೂಕ ಕಳೆದು, ಒಟ್ಟು ಕ್ಯಾಲೊರಿಯನ್ನು ಬೆಂದದ್ದರ ತೂಕದಿಂದ ಭಾಗಿಸಿದರೆ ಗ್ರಾಮಿಗೆ ಇಷ್ಟು ಎಂದು ಬರುತ್ತದೆ. ಬಿಸಿ ಪಾತ್ರೆಯನ್ನು ನೇರವಾಗಿ ಇಡಬಾರದು, ದಪ್ಪ ಮರದ ತುಂಡೊಂದನ್ನು ನಡುವೆ ಇಟ್ಟು ಅದರ ತೂಕವನ್ನೂ ಕಳೆಯುತ್ತೇನೆ. ಕರಿದ ಮೇಲೆ ಉಳಿದ ಎಣ್ಣೆಯನ್ನು ಬೇರೆ ಬಾಟಲಿಗೆ ಬಸಿದು ತೂಗಿದರೆ ಅದೂ ಲೆಕ್ಕದಿಂದ ಕಳೆದುಹೋಗುತ್ತದೆ.

ಪರದೆ ತೆಗೆದದ್ದು

ತೂಕ ಮತ್ತು ಕ್ಯಾಲೊರಿ ತೋರಿಸುವ ಒಂದು ಪುಟ್ಟ ಪರದೆ ಆರಂಭದಲ್ಲಿ ತಕ್ಕಡಿಯ ಮುಂದೆಯೇ ಇತ್ತು. ಅದು ಉರಿಯುವಷ್ಟು ದಿನ ಮನೆಯವರೆಲ್ಲ ಸಂತರಾದರು. “ಡಬ್ಬಿಗಳಿಗೂ ಹಾಜರಿ ಪುಸ್ತಕ ಇಟ್ಟಿದ್ದೀಯಲ್ಲ ಅಕ್ಕಾ!” ಎಂದು ತಂಗಿ ಅಂದಳು, ಅಂದು ಕಡಲೆಬೀಜದ ಡಬ್ಬಿಯನ್ನು ಮುಟ್ಟದೆ ಹೋದಳು. ನೋಡುವವರಿದ್ದಾರೆ ಎಂದು ಗೊತ್ತಾದಾಗ ಅಭ್ಯಾಸ ಬಾಲ ಮುದುರಿಕೊಳ್ಳುತ್ತದೆ. ತೂಕ ಇಳಿಸುವುದೇ ಗುರಿಯಾಗಿದ್ದರೆ ಪರದೆ ಇರಲಿ, ಅದರಷ್ಟು ಒಳ್ಳೆಯ ಕಾವಲುಗಾರ ಇಲ್ಲ. ನನಗೆ ಬೇಕಾಗಿದ್ದದ್ದು ನಮ್ಮ ನಿಜವಾದ ತಿನ್ನುವ ರೀತಿ. ಪರದೆಯ ನಾಲ್ಕು ತಂತಿಗಳನ್ನು ಬಿಡಿಸಿ, ‘ಓದಿದೆ’ ಎಂಬ ಸೂಚನೆಗೆ ಒಂದು ಹಸಿರು ಎಲ್‌ಇಡಿ ಮಾತ್ರ ಉಳಿಸಿದೆ. ನಿಧಾನವಾಗಿ ಎಲ್ಲರಿಗೂ ತಕ್ಕಡಿ ಕಟ್ಟೆಯ ಭಾಗವೇ ಆಯಿತು. ನಾನೇ ಅದನ್ನು ಕಟ್ಟಿದ್ದರೂ ನನ್ನ ಕೈಯೂ ಎಚ್ಚರ ತಪ್ಪಿತು, ಹಾಗೆ ತಪ್ಪಿದ ಮೇಲೆಯೇ ನೋಡತಕ್ಕ ಸಾಲುಗಳು ಬರತೊಡಗಿದವು.

ಅಂಥ ಒಂದು ರಾತ್ರಿಯ ದಾಖಲೆ ಹೀಗಿದೆ:

22:41 ಕಡಲೆಬೀಜ −11
22:44 ಕಡಲೆಬೀಜ −9
22:52 ಕಡಲೆಬೀಜ −14

ಒಟ್ಟು 34 ಗ್ರಾಂ, ಸುಮಾರು 190 ಕ್ಯಾಲೊರಿ. ತಿಂದವಳು ನಾನೇ. ಎಷ್ಟು ಸಲ ಎದ್ದು ಹೋದೆ ಎಂದು ಯಾರಾದರೂ ಕೇಳಿದ್ದರೆ ಒಂದು ಸಲ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದೆ. ಪ್ರತಿ ಸಲವೂ ಡಬ್ಬಿಯ ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟಿದ್ದೇನೆ, ಅಂದರೆ ಪ್ರತಿ ಸಲವೂ ‘ಇನ್ನು ಸಾಕು’ ಎಂದು ತೀರ್ಮಾನಿಸಿದ್ದೇನೆ. ಇಂಥ ಗೊಂಚಲುಗಳು ಹಸಿವಿನ ಹೊತ್ತಿನಲ್ಲಿ ಕಾಣಿಸುವುದಿಲ್ಲ. ರಾತ್ರಿ ಊಟವಾಗಿ ತಾಸು ಕಳೆದ ಮೇಲೆ, ಅದೂ ಕಂಪ್ಯೂಟರಿನ ಮುಂದೆ ಕೆಲಸ ಎಲ್ಲೋ ಸಿಕ್ಕಿಕೊಂಡ ದಿನಗಳಲ್ಲಿ ಕಾಣಿಸುತ್ತವೆ. ಗ್ರಾಮಿನ ಅಂಕಣಕ್ಕಿಂತ ಗಂಟೆಯ ಅಂಕಣವೇ ನನಗೆ ಹೆಚ್ಚು ಹೇಳಿತು.

ಎಣ್ಣೆಯ ಸಾಲುಗಳ ಸ್ವಭಾವ ಬೇರೆ. ಅದಕ್ಕೆ ಹೊತ್ತಿನ ಹಂಗಿಲ್ಲ, ಕೈಯ ಹಂಗಿದೆ. ಅಡುಗೆಯ ಚಮಚದಲ್ಲಿ ಒಂದು ಚಮಚ ಎಣ್ಣೆ ಸುಮಾರು 14 ಗ್ರಾಂ, 120 ಕ್ಯಾಲೊರಿ. ಬಾಟಲಿಯನ್ನು ಬಗ್ಗಿಸಿ ‘ಒಂದು ಚಮಚದಷ್ಟು’ ಸುರಿದಾಗ ಬೀಳುತ್ತಿದ್ದದ್ದು ಅದರ ಎರಡು ಪಟ್ಟಿಗೂ ಹತ್ತಿರ, ಬಾಟಲಿ ತುಂಬಿದ್ದಾಗ ಇನ್ನೂ ಹೆಚ್ಚು. ಬಾಟಲಿಯ ಬಾಯಿ ದೊಡ್ಡದು, ಅಷ್ಟೇ ಕಾರಣ. ಸಣ್ಣ ಕೊಳವೆಯ ಮುಚ್ಚಳ ಹಾಕಿದ ಮೇಲೆ ಅಡುಗೆ ಮಾಡುವವರು ಯಾರೂ ಏನನ್ನೂ ಬದಲಿಸದೆ ಎಣ್ಣೆಯ ಅಂಕಣ ಇಳಿಯಿತು. ರುಚಿಯ ಬಗ್ಗೆ ದೂರು ಬರಲಿಲ್ಲ. ಇದನ್ನು ಸಂಯಮ ಎನ್ನಬೇಕೋ ಕೊಳಾಯಿ ಕೆಲಸ ಎನ್ನಬೇಕೋ ನಿಮಗೆ ಬಿಟ್ಟದ್ದು.

ಸಕ್ಕರೆಯಲ್ಲಿ ದೊಡ್ಡ ಸುದ್ದಿಯೇನೂ ಸಿಗಲಿಲ್ಲ.

ಇದಕ್ಕೆ ಆಗದ ಕೆಲಸಗಳು

ಹೊರಗೆ ತಿಂದದ್ದು ಇದಕ್ಕೆ ಗೊತ್ತಾಗುವುದಿಲ್ಲ. ಹಂಚಿಕೊಂಡ ಡಬ್ಬಿಯಲ್ಲಿ ಯಾರ ಕೈ ಎಂದೂ ಗೊತ್ತಾಗುವುದಿಲ್ಲ. ಬೆರಳಚ್ಚಿನ ಸೆನ್ಸರ್ ಸೇರಿಸು ಎಂದು ಒಬ್ಬ ಗೆಳೆಯ ಸೂಚಿಸಿದ, ನಾನು ಒಪ್ಪಲಿಲ್ಲ. ಮನೆಯವರನ್ನು ಹಿಡಿದುಕೊಡುವ ಯಂತ್ರ ಅಡುಗೆಮನೆಯಲ್ಲಿ ಬಹಳ ದಿನ ಬಾಳುವುದಿಲ್ಲ. ಇನ್ನೊಂದು ಎಚ್ಚರಿಕೆ: ಊಟದ ವಿಷಯದಲ್ಲಿ ಮನಸ್ಸು ಒಮ್ಮೆ ಕಾಯಿಲೆ ಬಿದ್ದವರಿಗೆ, ಅಂಕಿ ಕಂಡರೆ ಊಟ ಬಿಡುವವರಿಗೆ ಇಂಥದ್ದನ್ನು ಕಟ್ಟಿಕೊಡಬೇಡಿ. ಅವರು ಮೊದಲು ಮಾತನಾಡಬೇಕಾದದ್ದು ವೈದ್ಯರ ಬಳಿ.

ಸದ್ಯಕ್ಕೆ ಉಳಿದಿರುವ ದುರಸ್ತಿ ಫ್ರಿಜ್ಜಿನ ಸಾಮಾನಿನದು. ಬೆಣ್ಣೆಯ ಡಬ್ಬಿ ಹೊರಬಂದ ಕೂಡಲೇ ತಳದಲ್ಲಿ ಹನಿಗಟ್ಟುತ್ತದೆ. ಆ ನೀರು ಒಂದೆರಡು ಗ್ರಾಂ ತೂಕ ಸೇರಿಸುತ್ತದೆ, ಸ್ಟಿಕ್ಕರಿನ ಅಂಟನ್ನೂ ಬಿಡಿಸುತ್ತದೆ. ಫ್ರಿಜ್ಜಿನ ಒಳಗೇ ಇನ್ನೊಂದು ತಕ್ಕಡಿ ಇಡುವ ಯೋಚನೆಯನ್ನು ಕೈಬಿಟ್ಟಿದ್ದೇನೆ, ಅಲ್ಲಿನ ತಂಪಿಗೂ ತೇವಕ್ಕೂ ಲೋಡ್ ಸೆಲ್ ಸೊನ್ನೆಯಲ್ಲಿ ನಿಲ್ಲುವುದಿಲ್ಲ. ಸ್ಟಿಕ್ಕರಿನ ಮೇಲೆ ತೆಳುವಾಗಿ ಎಪಾಕ್ಸಿ ಬಳಿದು ಒಣಗಲು ಬಿಟ್ಟಿದ್ದೇನೆ. ಅದು ಹಿಡಿದರೆ ಮುಂದಿನ ಸರದಿ ಚೀಸಿನ ಡಬ್ಬಿಯದು.